ಪೇಡಾ ತಿಂದ ಜ್ಯೂರಿ

ಹುಬ್ಬಳ್ಳಿ ಬಿಟ್ಟ ಮೇಲೆ

ಪುರಸಭೆ ಚುನಾವಣೆಯಲ್ಲಿ ಸೋತವರಿಗೆ ಡಾಕ್ಟರು ಹವಾ ಬದಲಾವಣೆ ಬರೆದುಕೊಡುವುದಿಲ್ಲ. ಬರೆದುಕೊಡಬೇಕು ಎಂಬುದು ನನ್ನ ಅಭಿಪ್ರಾಯ. ಎರಡು ಸಲ ಗೆದ್ದು ಮೂರನೆಯ ಸಲ ಸೋತ ಮೇಲೆ ನನ್ನ ಮನೆಯ ಬಾಗಿಲು ಬಡಿಯುವವರೇ ಇಲ್ಲವಾದರು. ನಲ್ಲಿಯಲ್ಲಿ ನೀರು ಬರದವರು, ಬೀದಿ ದೀಪ ಆರಿದವರು, ಗಟಾರ ಕಟ್ಟಿಕೊಂಡವರು, ಎಲ್ಲರೂ ನಮ್ಮ ಮನೆ ದಾಟಿಕೊಂಡು ಹೊಸ ಸದಸ್ಯನ ಮನೆಗೆ ಹೋಗುತ್ತಿದ್ದರು. ಹೋಗುವಾಗ "ಚಾ ಆತೇನ್ರಿ ಮೆಂಬರ್ ಅಕ್ಕಾ?" ಎಂದು ಕೇಳುವ ಸೌಜನ್ಯವನ್ನು ಮಾತ್ರ ಬಿಟ್ಟಿರಲಿಲ್ಲ. ಸೋಲಿಗಿಂತ ಅದೇ ಹೆಚ್ಚು ಉರಿಯುತ್ತಿತ್ತು.

ಅಂಥ ಹೊತ್ತಿನಲ್ಲಿ ವಿಶಾಖಪಟ್ಟಣದಿಂದ ತಂಗಿ ಗಿರಿಜೆಯ ಗಂಡ ಬಸವರಾಜ ಅವರ ಫೋನು ಬಂತು. ಅವರು ನೌಕಾಪಡೆಯಲ್ಲಿದ್ದಾರೆ. ಇನ್ನು ಕೆಲವೇ ತಿಂಗಳಲ್ಲಿ ನಿವೃತ್ತಿ. ಗದಗ ಜಿಲ್ಲೆಯ ನಮ್ಮ ಊರಿನಲ್ಲಿ, ನನ್ನ ಮನೆಯ ಪಕ್ಕದಲ್ಲೇ, ಹಿಂದೆಯೇ ಒಂದು ಸೈಟು ತೆಗೆದುಕೊಂಡು ಇಟ್ಟಿದ್ದಾರೆ.

"ಅಕ್ಕಾರ, ನೀವ ಬಂದು ಆಕಿಗೆ ಒಂದ್ ಮಾತು ಹೇಳ್ರಿ. ಊರಿಗೆ ಹೋಗಿ ಮನಿ ಕಟ್ಟಿಸೂಣು ಅಂದ್ರ ಹೂಂ ಅನ್ನವಲ್ಲಳು, ಊಹೂಂ ಅನ್ನವಲ್ಲಳು. ನಾ ಕರದೆ ಅಂತ ಮಾತ್ರ ಹೇಳಬ್ಯಾಡ್ರಿ ಮತ್ತ."

ನನಗೆ ಇಷ್ಟು ಸಾಕಾಗಿತ್ತು. ಆ ಸೈಟಿನ ಕಡೆಗೆ ನಾನು ಇಷ್ಟು ವರ್ಷವಾದರೂ ಕಾಂಪೌಂಡ್ ಗೋಡೆ ಕಟ್ಟಿಸಿರಲಿಲ್ಲ. ನನ್ನ ಅಡುಗೆಮನೆಯ ಬಾಗಿಲು ಅವಳ ಅಡುಗೆಮನೆಯ ಬಾಗಿಲಿಗೆ ಎದುರಾಗಬೇಕು, ಒಗ್ಗರಣೆಯ ವಾಸನೆ ಮೊದಲು ಯಾರ ಮನೆಯಿಂದ ಬಂತು ಎಂದು ಜಗಳವಾಗಬೇಕು ಎಂದು ಆಸೆಪಟ್ಟುಕೊಂಡು ಕುಳಿತಿದ್ದವಳು ನಾನು. ಖಟಕ್ ರೊಟ್ಟಿ, ಶೇಂಗಾ ಚಟ್ನಿಪುಡಿ, ದೊಡ್ಡ ಡಬ್ಬಿ ತುಂಬ ಧಾರವಾಡ ಪೇಡಾ ಕಟ್ಟಿಕೊಂಡು ಹುಬ್ಬಳ್ಳಿಯಲ್ಲಿ ರೈಲು ಹತ್ತಿದೆ. ಮತ ಕೇಳುವುದು ನನಗೆ ಹೊಸದಲ್ಲ. ಈ ಸಲ ಒಂದೇ ಒಂದು ಮತ ಬೇಕಾಗಿತ್ತು.

ವಿಜಯವಾಡದಲ್ಲಿ ರೈಲು ಬದಲಿಸಬೇಕು. ಆ ಊರಿನ ಬಿಸಿಲಿನ ಬಗ್ಗೆ ನಮ್ಮ ಗದಗಿನವರು ಮಾತಾಡಬಾರದು, ಆದರೂ ಹೇಳುತ್ತೇನೆ: ಅಲ್ಲಿ ನೆರಳೂ ಸುಡುತ್ತದೆ. ಪ್ಲಾಟ್‌ಫಾರ್ಮಿನಲ್ಲಿ ಪಕ್ಕದಲ್ಲಿ ಕುಳಿತ ಹೆಂಗಸು "ತಿನ್ನಾರಾ?" ಎಂದು ಊಟ ವಿಚಾರಿಸಿ, ನಾನು ಉತ್ತರ ಕೊಡುವ ಮೊದಲೇ ಹುಳಿಯನ್ನದ ಪೊಟ್ಟಣ ಬಿಚ್ಚಿದಳು. ನಾನು ಪೇಡಾ ಡಬ್ಬಿ ಬಿಚ್ಚಿದೆ. ಅವಳಿಗೆ ಕನ್ನಡವಿಲ್ಲ, ನನಗೆ ತೆಲುಗಿಲ್ಲ. ರೈಲು ಬರುವಷ್ಟರಲ್ಲಿ ಅವಳ ಸೊಸೆಯ ತಪ್ಪುಗಳೆಲ್ಲ ನನಗೆ ತಿಳಿದಿದ್ದವು. ಪರದೇಶ ಎಂದರೆ ಹೀಗಿದ್ದರೆ ಅಡ್ಡಿಯಿಲ್ಲ ಎಂದುಕೊಂಡೆ.

ಎಂವಿಪಿ ಕಾಲೋನಿ

ಗಿರಿಜೆಯ ಮನೆಯವರು ನೌಕಾಪಡೆಯ ಕ್ವಾರ್ಟರ್ಸ್ ಬಿಟ್ಟು ಎಂವಿಪಿ ಕಾಲೋನಿಯಲ್ಲಿ ಬಾಡಿಗೆ ಮನೆ ಮಾಡಿದ್ದಾರೆ. ಮಗಳು ಸ್ಪಂದನಾಳ ಕೋಚಿಂಗ್ ಇಲ್ಲೇ. ಈ ಕಾಲೋನಿಯಲ್ಲಿ ಮನೆಗೊಂದು ಸ್ಕೂಟರು, ಬೀದಿಗೊಂದು ಕೋಚಿಂಗ್ ಸೆಂಟರು, ಎರಡರ ನಡುವೆ ಜಾಗ ಸಿಕ್ಕಲ್ಲೆಲ್ಲ ಕರ್ರಿ ಪಾಯಿಂಟು. ಕರ್ರಿ ಪಾಯಿಂಟ್ ಎಂದರೆ ಬರೀ ಪಲ್ಯ, ಸಾರು, ಪಪ್ಪು ಎಂಬ ಗಟ್ಟಿ ಬೇಳೆ ಮಾರುವ ಅಂಗಡಿ. ಜನ ಮನೆಯಲ್ಲಿ ಅನ್ನ ಮಾಡಿಟ್ಟು ಪಲ್ಯ ಕಟ್ಟಿಸಿಕೊಂಡು ಹೋಗುತ್ತಾರೆ. ನಮ್ಮ ಓಣಿಯಲ್ಲಿ ಒಬ್ಬ ಸೊಸೆ ಹೀಗೆ ಪಲ್ಯ ಕೊಂಡು ತಂದರೆ ಅತ್ತೆ ಆ ಕಥೆಯನ್ನು ಮೂರು ಊರಿಗೆ ಫೋನ್ ಮಾಡಿ ಹೇಳುತ್ತಾಳೆ. ಇಲ್ಲಿ ಅತ್ತೆಯೇ ಸರತಿಯಲ್ಲಿ ನಿಂತು "ಗೋಂಗೂರ ಇದೆಯಾ" ಎಂದು ಪುಂಡಿ ಪಲ್ಯ ಕೇಳುತ್ತಿದ್ದಳು.

ನನ್ನ ತಂಗಿಯ ಕನ್ನಡಕ್ಕೆ ತೆಲುಗಿನ ಮರ್ಯಾದೆ ಅಂಟಿಕೊಂಡಿತ್ತು. "ಹೌದಂಡಿ ಅಕ್ಕ, ಕೂಡಂಡಿ" ಎನ್ನುವಳು. ಒಡಹುಟ್ಟಿದವಳು ಹೀಗೆ ಮರ್ಯಾದೆ ಕೊಟ್ಟರೆ ಹೆದರಿಕೆಯಾಗುತ್ತದೆ. ಸ್ಪಂದನಾಳ ಕನ್ನಡವಂತೂ ಅಡುಗೆಮನೆ ದಾಟಿ ಹೊರಗೆ ಬರುತ್ತಿರಲಿಲ್ಲ. "ದೊಡ್ಡವ್ವ, ರೊಟ್ಟಿ ಬೇಕು" ಎಂಬಲ್ಲಿಗೆ ಅದರ ಸರಹದ್ದು ಮುಗಿದು, ಮುಂದಿನದೆಲ್ಲ ತೆಲುಗು.

ಮೊದಲ ಸಂಜೆಯೇ ನಾನು ಪ್ರಚಾರ ಶುರು ಮಾಡಿದೆ. ಊರಿನ ಹವೆ, ಊರಿನ ನೀರು, ಪಕ್ಕದ ಸೈಟು ಎಂದು ಪೀಠಿಕೆ ಹಾಕುತ್ತಿದ್ದಂತೆ ಗಿರಿಜೆ ತಟ್ಟೆ ಎತ್ತುತ್ತ ಹೇಳಿದಳು: "ಅಕ್ಕ, ಶನಿವಾರ ಐತವಾರ ನಾ ಮನ್ಯಾಗ ಇರೂದಿಲ್ಲ. ಜ್ಯೂರಿ ಅದ."

"ಏನದು? ಕೋರ್ಟಿನ್ಯಾಗ ಏನ್ ಮಾಡಿಕೊಂಡಿ?"

ಕೋರ್ಟಲ್ಲ. ಅವರ ಕಾಲೋನಿಯಲ್ಲಿ ನಗರಪಾಲಿಕೆಯ ಒಂದು ಖಾಲಿ ಜಾಗವಿದೆ. ಅಲ್ಲಿ ಪಾರ್ಕು ಮಾಡಿ ಎನ್ನುವವರು ವಯಸ್ಸಾದವರು. ಸ್ಕೂಟರು ನಿಲ್ಲಿಸಲು ಬಿಡಿ ಎನ್ನುವವರು ಕೋಚಿಂಗ್ ಮಕ್ಕಳು. ಈಗಾಗಲೇ ಸಂಜೆ ಹೊತ್ತು ತರಕಾರಿ ಗಾಡಿ ಹಚ್ಚಿಕೊಂಡವರು, ನಮ್ಮನ್ನು ಎಬ್ಬಿಸಬೇಡಿ ಎನ್ನುತ್ತಾರೆ. ತೀರ್ಮಾನಕ್ಕೆ ಪಾಲಿಕೆಯವರು ಹೊಸ ದಾರಿ ಹಿಡಿದಿದ್ದರು. ಕಾಲೋನಿಯ ಮನೆಗಳಲ್ಲಿ ಚೀಟಿ ಎತ್ತಿದ ಹಾಗೆ ಕಂಪ್ಯೂಟರಿನಲ್ಲಿ ಎತ್ತಿ, ಗಂಡಸರು ಹೆಂಗಸರು, ಹಿರಿಯರು ಕಿರಿಯರು ಎಲ್ಲರೂ ಇರುವಂತೆ ಹದಿನೈದು ಮಂದಿಯನ್ನು ಆರಿಸುವುದು. ಅವರು ಕೆಲವು ವಾರಾಂತ್ಯ ಕೂತು ಎಲ್ಲರ ಮಾತು ಕೇಳಿ, ತಮ್ಮೊಳಗೆ ಚರ್ಚಿಸಿ, ಶಿಫಾರಸು ಕೊಡುವುದು. ಪಾಲಿಕೆ ಒಪ್ಪಬೇಕು, ಇಲ್ಲವೇ ಯಾಕೆ ಒಪ್ಪಲಿಲ್ಲ ಎಂದು ಎಲ್ಲರ ಎದುರು ಕಾರಣ ಹೇಳಬೇಕು. ಗಿರಿಜೆಯ ಹೆಸರು ಬಂದಿತ್ತು. ಆ ಫೋನು ಬಂದಾಗ ಓಟಿಪಿ ಕೇಳುವ ಕಳ್ಳರೆಂದು ತಿಳಿದು ಬೈದು ಇಟ್ಟಿದ್ದಳಂತೆ.

ನನಗೆ ನಗು ತಡೆಯಲಾಗಲಿಲ್ಲ. "ಚೀಟಿ ಎತ್ತಿ ಆಡಳಿತ ಮಾಡ್ತಾರೇನ? ನಾವೆಲ್ಲ ಮನಿಮನಿಗೆ ಅಡ್ಡಾಡಿ, ಕಾಲು ಬಿದ್ದು, ಗೆದ್ದು ಬಂದು ಏನ್ ಮಾಡಬೇಕು ಹಂಗಾರ?"

"ನೀ ಸೋತಿ ಅಲ್ಲಾ ಅಕ್ಕ," ಎಂದಳು ಗಿರಿಜೆ. ಸಿಟ್ಟಿನಿಂದಲ್ಲ, ಸುಮ್ಮನೆ ನೆನಪು ಮಾಡಿದಳು.

ವೀಕ್ಷಕರ ಕುರ್ಚಿ

ಜ್ಯೂರಿ ಕೂಡುವುದು ಕಾಲೋನಿಯ ಒಂದು ಕಲ್ಯಾಣ ಮಂಟಪದಲ್ಲಿ. ನೋಡಲು ಯಾರು ಬೇಕಾದರೂ ಬರಬಹುದು ಎಂದಿದ್ದರಿಂದ ನಾನೂ ಇಳಕಲ್ ಸೀರೆ ಉಟ್ಟು ಹೊರಟೆ. ಒಳಗೆ ಹೋದವಳು ನೆಟ್ಟಗೆ ವೇದಿಕೆ ಹತ್ತಿ, ಅಲ್ಲಿದ್ದ ಕೆಂಪು ಮಖಮಲ್ಲಿನ ಸೋಫಾದಲ್ಲಿ ಕುಳಿತೆ. ವೇದಿಕೆ ಕಂಡರೆ ಹತ್ತುವುದು ನಮ್ಮಂಥವರ ಕಾಲಿನ ಚಾಳಿ. ಕೆಳಗಿದ್ದವರೆಲ್ಲ ನನ್ನನ್ನೇ ನೋಡತೊಡಗಿದಾಗ ಸನ್ಮಾನವಿರಬಹುದು ಎಂದುಕೊಂಡು ಸೆರಗು ಸರಿಮಾಡಿಕೊಂಡೆ.

ಒಬ್ಬ ಚುರುಕು ಹುಡುಗಿ ಬಂದು ಕೈಮುಗಿದಳು. ಮಾಧವಿ ಎಂದು ಹೆಸರು, ಈ ಜ್ಯೂರಿ ನಡೆಸಿಕೊಡುವವಳು. ಬೆಂಗಳೂರಿನಲ್ಲಿ ಓದಿದ್ದರಿಂದ ಕನ್ನಡ ಬರುತ್ತಿತ್ತು.

"ಮೇಡಂ, ಅದು ಮದುಮಕ್ಕಳ ಸೋಫಾ. ನಿನ್ನೆ ಮದುವೆದು. ವೀಕ್ಷಕರ ಕುರ್ಚಿ ಅಲ್ಲಿ ಹಿಂದೆ ಇದೆ. ಇನ್ನೊಂದು ವಿಷಯ, ವೀಕ್ಷಕರು ಮಾತಾಡೋ ಹಾಗಿಲ್ಲ."

"ಒಂದ್ ಮಾತೂ?"

"ಒಂದು ಮಾತೂ ಇಲ್ಲ ಮೇಡಂ."

ಹತ್ತು ವರ್ಷ ಸಭೆಗಳಲ್ಲಿ ಕಳೆದವಳಿಗೆ ಇದು ಜೈಲು ಶಿಕ್ಷೆ. ನಮ್ಮ ಸಾಮಾನ್ಯ ಸಭೆಯಲ್ಲಿ ಒಬ್ಬರು ಮಾತಾಡುವಾಗ ಉಳಿದವರು ಸುಮ್ಮನಿದ್ದರೆ, ಕರೆಂಟು ಹೋಗಿ ಮೈಕು ಕೆಟ್ಟಿದೆಯೇನೋ ಎಂದು ನೋಡುತ್ತೇವೆ. ಇಲ್ಲಿ ಮಾಧವಿ ಮೇಜಿನ ಮೇಲೊಂದು ಪೂಜೆ ಗಂಟೆ ಇಟ್ಟಿದ್ದಳು. ಒಬ್ಬರ ಮಾತಿನ ಮೇಲೆ ಇನ್ನೊಬ್ಬರು ಮಾತು ಹಾಕಿದರೆ ಗಂಟೆ. ಯಾರಾದರೂ ತುಂಬ ಹೊತ್ತು ಮಾತಾಡಿದರೂ ಗಂಟೆ. ಯಾರಾದರೂ ಬಹಳ ಹೊತ್ತು ಸುಮ್ಮನೆ ಕೂತಿದ್ದರೆ ಗಂಟೆ ಇಲ್ಲ, "ನಿಮಗೇನನ್ನಿಸುತ್ತದೆ?" ಎಂದು ಅವಳೇ ಹತ್ತಿರ ಹೋಗಿ ಕೇಳುತ್ತಿದ್ದಳು. ಹದಿನೈದು ಮಂದಿಯಲ್ಲಿ ಬ್ಯೂಟಿ ಪಾರ್ಲರಿನವಳು, ಕೋಚಿಂಗ್ ಸೆಂಟರಿನ ಗಣಿತದ ಮೇಷ್ಟ್ರು, ಮೊಮ್ಮಗುವನ್ನು ಮಡಿಲಲ್ಲಿಟ್ಟುಕೊಂಡ ಅಜ್ಜಿ, ಹೀಗೆ ಎಲ್ಲ ಬಗೆಯವರೂ ಇದ್ದರು. ಅವರಲ್ಲೆಲ್ಲ ಬಿಗಿಯಾದ ಮನುಷ್ಯ ಅಪ್ಪಲರಾಜು ಗಾರು; ಗಾರು ಎಂದರೆ ನಮ್ಮಲ್ಲಿ 'ಅವರು' ಎಂದ ಹಾಗೆ. ಬಂದರಿನಲ್ಲಿ ಕೆಲಸ ಮಾಡಿ ನಿವೃತ್ತರಾದವರು. ಬಿಳಿ ಪ್ಯಾಂಟು, ಬಿಳಿ ಅಂಗಿ, ನಗುವಿಗೆ ಮಾತ್ರ ಎಲ್ಲೂ ಪ್ರವೇಶವಿಲ್ಲ.

ಗಿರಿಜೆಗೆ ಮೂರು ಸಲ ಗಂಟೆ ಬಾರಿಸಿದರು. ತುಂಬ ಮಾತಾಡಿದ್ದಕ್ಕೆ! ನಮ್ಮ ಮನೆಯಲ್ಲಿ ನಾನು ಮಾತಾಡುವಾಗ ಬಾಗಿಲ ಹಿಂದೆ ನಿಲ್ಲುತ್ತಿದ್ದ ಹುಡುಗಿ ಅವಳು. ಅವಳು ಏನು ಹೇಳುತ್ತಿದ್ದಾಳೆಂದು ನನಗೆ ಅರ್ಧವೂ ತಿಳಿಯಲಿಲ್ಲ. ಆದರೆ ಜನ ಅವಳ ಕಡೆಗೆ ತಿರುಗಿ ಕುಳಿತು ಕೇಳುತ್ತಿದ್ದರು. ನನಗೆ ಒಂದು ಕಡೆ ಹೆಮ್ಮೆ, ಇನ್ನೊಂದು ಕಡೆ ಹೊಟ್ಟೆಕಿಚ್ಚು. ಎರಡೂ ಒಟ್ಟಿಗೆ ಆದಾಗ ಮನುಷ್ಯರು ತಪ್ಪು ಮಾಡುತ್ತಾರೆ, ಮುಂದೆ ನಾನೂ ಮಾಡಿದೆ.

ವಿಜಯವಾಡಕ್ಕೆ ಹೋಗುವ ರೈಲು

ವಿಜಯವಾಡದಲ್ಲಿ ಕಾಲುವೆಯ ದಂಡೆಯ ಮೇಲೆ ಇಂಥದೇ ಒಂದು ಜಾಗವಿದೆ, ಅಲ್ಲಿನವರು ಜಗಳವಾಡದೆ ಹಂಚಿಕೊಂಡಿದ್ದಾರೆ ಎಂದು ಜ್ಯೂರಿಯನ್ನು ಅಲ್ಲಿಗೆ ಕರೆದೊಯ್ದರು. ಸ್ವಂತ ಟಿಕೆಟ್ ತೆಗೆದುಕೊಂಡರೆ ವೀಕ್ಷಕರೂ ಬರಬಹುದು ಎಂದಳು ಮಾಧವಿ. ಬರುವ ವೀಕ್ಷಕರು ಯಾರೂ ಇರಲಿಲ್ಲ, ನನ್ನೊಬ್ಬಳನ್ನು ಬಿಟ್ಟು.

ರೈಲಿನಲ್ಲಿ ಹದಿನೈದು ಮಂದಿ ಒಂದೇ ಬೋಗಿಯಲ್ಲಿ. ಕಿಟಕಿಯ ಹೊರಗೆ ತೆಂಗು, ಭತ್ತದ ಗದ್ದೆ, ತಾಳೆಮರ. ಒಳಗೆ ಯಾರೋ ಚಕ್ಕುಲಿ ತೆಗೆದರು, ಯಾರೋ ಸೀಬೆಹಣ್ಣಿಗೆ ಖಾರ ಹಚ್ಚಿದರು. ನಾನು ಪೇಡಾ ಡಬ್ಬಿ ತೆಗೆದೆ. ಪ್ರವಾಸದಲ್ಲಿ ಡಬ್ಬಿ ಮುಚ್ಚಿಟ್ಟುಕೊಂಡು ಕೂಡುವ ಸಂಸ್ಕಾರ ನಮ್ಮ ಕಡೆ ಇಲ್ಲ. ಎದ್ದು ಒಬ್ಬೊಬ್ಬರ ಮುಂದೆ ಹೋಗಿ, ಒಂದೊಂದು ಪೇಡಾ ಕೈಗಿಟ್ಟು, ಕೈಮುಗಿದು, ನನಗೆ ಬರುವಷ್ಟು ತೆಲುಗಿನಲ್ಲಿ "ಮಾ ಚೆಲ್ಲಿ, ಮಾ ಚೆಲ್ಲಿ" ಎಂದು ಗಿರಿಜೆಯ ಕಡೆ ತೋರಿಸುತ್ತ ಹೋದೆ. ನನ್ನ ತಂಗಿ, ನೋಡಿಕೊಳ್ಳಿ ಎಂಬ ಅರ್ಥದಲ್ಲಿ. ಅಜ್ಜಿಯ ಕಾಲು ಮುಟ್ಟಿದೆ. ಮೊಮ್ಮಗುವಿನ ಗಲ್ಲ ಹಿಂಡಿದೆ. ಮೇಷ್ಟ್ರು ಇನ್ನೊಂದು ಕೇಳಿದರು, ಕೊಟ್ಟೆ. ಬೋಗಿಯ ಕೊನೆ ಮುಟ್ಟಿದಾಗ ನನಗೇ ತಿಳಿಯದಂತೆ ಹಿಂದೆ ತಿರುಗಿ ಎಲ್ಲರಿಗೂ ಒಂದು ಸಾಮೂಹಿಕ ನಮಸ್ಕಾರ ಹಾಕಿದೆ. ವಾರ್ಡಿನ ಕೊನೆಯ ಮನೆ ಮುಗಿದ ಮೇಲೆ ಹಾಕುವಂಥದ್ದು.

ಅಪ್ಪಲರಾಜು ಗಾರು ಮಾತ್ರ ಪೇಡಾ ಮುಟ್ಟಲಿಲ್ಲ. ಎದ್ದು ಮಾಧವಿಯ ಹತ್ತಿರ ಹೋದರು. ಗಿರಿಜೆಯ ಮುಖ ಬಿಳಿಚಿಕೊಂಡಿತು.

"ಅಕ್ಕ, ಹಂಚು ಅಂತ ನಿನಗ ಯಾರ್ ಹೇಳಿದ್ರು?"

"ಪೇಡಾ ಹಂಚಾಕ ಯಾರರ ಹೇಳಬೇಕೇನ?"

"ಜ್ಯೂರಿಯವರ ಮನಿ ಮಂದಿ ಉಳಿದವರಿಗೆ ಏನೂ ಕೊಡಂಗಿಲ್ಲ, ಯಾರ ಪರ ಹೇಳಂಗಿಲ್ಲ. ಹಂಗ ಮಾಡಿದ್ರ ನನ್ನ ತಗದ ಹಾಕ್ತಾರ. ಮೊದಲ ದಿನಾನ ಓದಿ ಹೇಳಿದ್ರು."

ಮೊದಲ ದಿನ ಅದನ್ನು ಓದುವಾಗ ನಾನು ಕೆಂಪು ಸೋಫಾದ ಅವಮಾನದಿಂದ ಇನ್ನೂ ಎದ್ದಿರಲಿಲ್ಲ. ವಿಜಯವಾಡ ಬರುವವರೆಗೆ ಗಿರಿಜೆ ನನಗೆ ಬೆನ್ನು ಹಾಕಿ ಕುಳಿತಳು.

ಕಾಲುವೆಯ ದಂಡೆ

ಆ ಜಾಗವನ್ನು ಸಂಜೆಯೇ ನೋಡಿದೆವು. ಬೆಳಿಗ್ಗೆ ಅಲ್ಲಿ ಜನ ನಡೆಯುತ್ತಾರೆ, ಹಗಲಿಡೀ ಸ್ಕೂಟರುಗಳು ನಿಲ್ಲುತ್ತವೆ, ಸಂಜೆ ತರಕಾರಿಯವರು ಕೂಡುತ್ತಾರೆ. ಹೊತ್ತಿಗೆ ಸರಿಯಾಗಿ ಒಬ್ಬ ತಟ್ಟೆ ಬಾರಿಸಿದ. ಸ್ಕೂಟರುಗಳು ಹೊರಟವು, ಬೆಂಡೆಕಾಯಿ ಬಂದವು. ಒಂದು ಸ್ಕೂಟರಿನವನು ತಡಮಾಡಿದ. ಅವನ ಸೀಟಿನ ಮೇಲೆಯೇ ಒಬ್ಬಳು ಕೊತ್ತಂಬರಿ ಕಟ್ಟು ಹರವಿ ವ್ಯಾಪಾರ ಶುರು ಮಾಡಿದಳು. ನಮ್ಮ ಊರಿನಲ್ಲಿ ಇದಕ್ಕೆ ಪೊಲೀಸರು ಬರಬೇಕಾಗುತ್ತಿತ್ತು. ಇಲ್ಲಿ ಸ್ಕೂಟರಿನವನೇ ಒಂದು ಕಟ್ಟು ಕೊಂಡು, ಸೀಟು ಬಿಡಿಸಿಕೊಂಡು ಹೋದ.

ಮರುದಿನ ಬೆಳಿಗ್ಗೆ ದುರ್ಗಮ್ಮನ ಬೆಟ್ಟಕ್ಕೆ ಹೋಗಿ ಬಂದ ಮೇಲೆ, ಕಾಲುವೆಯ ದಂಡೆಯ ತಗಡಿನ ಚಪ್ಪರದಲ್ಲಿ ನನ್ನ ಪೇಡಾದ ವಿಚಾರಣೆ. ದಾರಿ ನಡೆಸುವವಳೇ ತೀರ್ಪು ಕೊಡಬಾರದು, ಇದು ನಿಮ್ಮ ಜ್ಯೂರಿ, ನೀವೇ ನಿರ್ಧರಿಸಿ ಎಂದು ಮಾಧವಿ ಕೈತೊಳೆದುಕೊಂಡಳು. ನನಗಾಗಿ ಎಲ್ಲವನ್ನೂ ಕನ್ನಡದಲ್ಲಿ ಹೇಳುವ ಕೆಲಸ ಮಾತ್ರ ಒಪ್ಪಿಕೊಂಡಳು.

ಅಪ್ಪಲರಾಜು ಗಾರು ಎದ್ದು ನಿಂತರು. ಸಿಹಿ ಕೊಟ್ಟು, ಕೈಮುಗಿದು, ತಂಗಿಯನ್ನು ತೋರಿಸಿದರೆ ಅದು ಪ್ರಚಾರವಲ್ಲದೆ ಇನ್ನೇನು ಎಂದು ಕೇಳಿದರು. ನಿಜ ಹೇಳಬೇಕೆಂದರೆ ಅವರು ಹೇಳಿದ್ದು ಸರಿ. ನನ್ನ ಎರಡು ಗೆಲುವುಗಳೂ ಅದೇ ಮೂರು ಕೆಲಸದಿಂದ ಬಂದವು.

ಆಮೇಲೆ ತೊಡಕು ಶುರುವಾಯಿತು. ಪೇಡಾ ತಿಂದವರು ಪೇಡಾದ ಬಗ್ಗೆ ತೀರ್ಪು ಕೊಡಬಹುದೇ ಎಂದು ಮೇಷ್ಟ್ರು ಕೇಳಿದರು. ಹಾಗಾದರೆ ಉಳಿಯುವವರು ಅಪ್ಪಲರಾಜು ಗಾರು ಒಬ್ಬರೇ, ದೂರು ಕೊಟ್ಟವರೂ ಅವರೇ ಎಂದಳು ಪಾರ್ಲರಿನವಳು. ಒಂದು ತಿಂದವರಿಗೂ ಎರಡು ತಿಂದವರಿಗೂ ವ್ಯತ್ಯಾಸವಿಲ್ಲವೇ ಎಂದು ಅಜ್ಜಿ ಮೇಷ್ಟ್ರನ್ನೇ ನೋಡುತ್ತ ಕೇಳಿದಳು. ನೀವು ಯಾಕೆ ತಿನ್ನಲಿಲ್ಲ ಎಂದು ಯಾರೋ ಅಪ್ಪಲರಾಜು ಗಾರನ್ನು ಕೇಳಿದರು. ಸಕ್ಕರೆ ಕಾಯಿಲೆ, ಇಲ್ಲದಿದ್ದರೆ ಎಲ್ಲರಿಗಿಂತ ಮೊದಲು ನಾನೇ ತಿನ್ನುತ್ತಿದ್ದೆ ಎಂದು ಪ್ರಾಮಾಣಿಕವಾಗಿ ಹೇಳಿದರು. ಇಡೀ ಚಪ್ಪರ ನಕ್ಕಿತು. ಅವರು ನಗಲಿಲ್ಲ. ಆದರೂ ದೂರು ದೂರೇ ಎಂದರು.

ಕೊನೆಗೆ ಸಾಕ್ಷಿಯಾಗಿ ನನ್ನನ್ನು ಕರೆದರು. ಇಷ್ಟು ದಿನ ಬಾಯಿ ಕಟ್ಟಿಕೊಂಡು ಕೂತವಳಿಗೆ ಮಾತಾಡಲು ಅಪ್ಪಣೆ! ಎದ್ದು ನಿಂತೆ. ಆ ಜಾಗದಲ್ಲಿ ಏನಾಗಬೇಕೆಂದು ನಿಮ್ಮ ಆಸೆ ಎಂದು ಕೇಳಿದರು.

"ನನಗ ಆ ಜಾಗ ಕಟಗೊಂಡು ಏನ್ ಆಗಬೇಕ್ರಿ?" ಎಂದೆ. "ಪಾರ್ಕರ ಮಾಡ್ರಿ, ಬಾವಿಯರ ತೋಡ್ರಿ. ನನ್ನ ತಂಗಿ ಇನ್ನ ಆರ್ ತಿಂಗಳಿಗೆ ನಮ್ಮೂರಿಗೆ ಬರಾಕಿ. ಆಕೀನ ಒಪ್ಪಸಾಕಂತ ಆಕಿ ಗಂಡನ ನನ್ನ ಕರಿಸ್ಯಾರ. ನಮ್ಮ ಮನಿ ಬಾಜೂಕ ಸೈಟ್ ಐತಿ. ನನ್ನ ಕಣ್ಣು ಆ ಸೈಟಿನ ಮ್ಯಾಲೈತಿ, ನಿಮ್ಮ ಸೈಟಿನ ಮ್ಯಾಲಲ್ಲ."

ಮಾಧವಿ ಒಂದಕ್ಷರ ಬಿಡದೆ ತೆಲುಗಿಗೆ ತಿರುಗಿಸಿದಳು. ತಂಗಿಯನ್ನು ಕಾಪಾಡಿದೆ ಎಂದು ನಾನು ಜಂಬದಿಂದ ಕುಳಿತೆ. ಕುಳಿತ ಮೇಲೆ ಗಿರಿಜೆಯ ಮುಖ ನೋಡಿದೆ. ಬಸವರಾಜ ಅವರು ಹೇಳಬೇಡಿ ಎಂದಿದ್ದ ಒಂದೇ ಒಂದು ಮಾತನ್ನು ಹದಿನಾಲ್ಕು ಸಾಕ್ಷಿಗಳ ಎದುರು ಎರಡು ಭಾಷೆಯಲ್ಲಿ ಹೇಳಿಸಿದ್ದೆ.

ಅಷ್ಟಕ್ಕೇ ಮುಗಿಯಲಿಲ್ಲ. ಅಪ್ಪಲರಾಜು ಗಾರು ಮತ್ತೆ ಎದ್ದರು. ಪೇಡಾದ ದೂರು ಹಿಂದಕ್ಕೆ ತೆಗೆದುಕೊಂಡೆ ಎಂದರು. ನನಗೆ ಉಸಿರು ಬಂತು. ಈಗ ಹೊಸ ದೂರು ಎಂದರು. ಆರು ತಿಂಗಳಲ್ಲಿ ಕಾಲೋನಿ ಬಿಡುವವರು ಕಾಲೋನಿಯ ಜಾಗದ ಬಗ್ಗೆ ಯಾಕೆ ತೀರ್ಮಾನ ಮಾಡಬೇಕು? ತಪ್ಪಾದರೆ ಅನುಭವಿಸುವವರು ನಾವಲ್ಲವೇ?

ಗಂಟೆ ಬಾರಿಸಲಿಲ್ಲ. ಮಾಧವಿ ಗಿರಿಜೆಯ ಹತ್ತಿರ ಹೋಗಿ, ಸುಮ್ಮನೆ ಕೂತವರನ್ನು ಕೇಳುವ ಹಾಗೆ, ನಿಮಗೇನನ್ನಿಸುತ್ತದೆ ಎಂದಳು.

ಗಿರಿಜೆ ಎದ್ದಳು. ಮೊದಲು ನನ್ನ ಕಡೆ ನೋಡಿದಳು, ಆಮೇಲೆ ಅವರ ಕಡೆ ತಿರುಗಿದಳು.

"ನೇನು ಎಕ್ಕಡಿಕೀ ವೆಳ್ಳಡಂ ಲೇದಂಡಿ."

ಮಾಧವಿ ಕನ್ನಡಕ್ಕೆ ತಿರುಗಿಸಲು ಬಾಯಿ ತೆರೆದಳು. ನಾನು ಬೇಡವೆಂದು ಕೈ ಮಾಡಿದೆ. ನಾನು ಎಲ್ಲಿಗೂ ಹೋಗುವುದಿಲ್ಲ ಎಂಬುದು ಅರ್ಥವಾಗಲು ತೆಲುಗು ಬೇಕಾಗಿರಲಿಲ್ಲ.

ನನ್ನನ್ನು ಹೊರಗೆ ಕಳಿಸಿ ಅವರು ಚರ್ಚಿಸಿದರು. ಕಾಲುವೆಯ ದಂಡೆಯಲ್ಲಿ ನಿಂತಿದ್ದೆ. ಎಮ್ಮೆಯೊಂದು ಮೂಗು ಮಾತ್ರ ಹೊರಗಿಟ್ಟುಕೊಂಡು ನೀರಿನಲ್ಲಿ ಸುಖವಾಗಿತ್ತು. ಚುನಾವಣೆಯ ಎಣಿಕೆಯ ದಿನವೂ ನನಗೆ ಅಳು ಬಂದಿರಲಿಲ್ಲ. ಆ ದಿನ ಬಂತು. ಬಿಸಿಲಿಗೆ ಕಣ್ಣೀರೂ ಬೆವರೂ ಒಂದೇ ಆಗಿದ್ದರಿಂದ ಯಾರಿಗೂ ಗೊತ್ತಾಗಲಿಲ್ಲ ಎಂಬುದೊಂದೇ ಸಮಾಧಾನ.

ಒಳಗೆ ಕರೆದು ತೀರ್ಪು ಹೇಳಿದರು. ಗಿರಿಜೆ ಜ್ಯೂರಿಯಲ್ಲಿ ಉಳಿಯುತ್ತಾಳೆ. ಅವಳ ಅಕ್ಕ ಇನ್ನು ಮುಂದೆ ವೀಕ್ಷಕರ ಕುರ್ಚಿಯಲ್ಲಿ ಖಾಲಿ ಕೈಯಲ್ಲಿ ಕೂಡಬೇಕು. ಕೈ ಎತ್ತಿದವರಲ್ಲಿ ಅಪ್ಪಲರಾಜು ಗಾರೂ ಒಬ್ಬರು. ಹೊರಡುವಾಗ ಅವರು ನನ್ನ ಹತ್ತಿರ ಬಂದು, ತಮ್ಮ ಹೆಂಡತಿಗೆ ಸಕ್ಕರೆ ಕಾಯಿಲೆ ಇಲ್ಲವೆಂದು ತಿಳಿಸಿದರು. ನಾನು ಡಬ್ಬಿಗೆ ಕೈ ಹಾಕುವಷ್ಟರಲ್ಲಿ ಹಿಂದಿನಿಂದ ಅಜ್ಜಿ ಜೋರಾಗಿ ಕೆಮ್ಮಿದಳು. ಇಬ್ಬರೂ ಕೈ ಹಿಂದಕ್ಕೆ ತೆಗೆದುಕೊಂಡೆವು.

ಭೀಮುನಿಪಟ್ಟಣ

ವಿಶಾಖಪಟ್ಟಣದ ಸ್ಟೇಷನ್ನಿಗೆ ಬಸವರಾಜ ಅವರು ಬಂದಿದ್ದರು. "ಏನಾತ್ರಿ ಅಕ್ಕಾರ?" ಎಂದು ಕಣ್ಣಲ್ಲೇ ಕೇಳಿದರು.

"ಠರಾವು ಪಾಸಾತು," ಎಂದಳು ಗಿರಿಜೆ. "ನಾವು ಇಲ್ಲೇ ಇರ್ತೇವಿ. ಮಿನಿಟ್ಸ್‌ನ್ಯಾಗ ಬರದಾರ."

ಮನೆಯವರೆಗೆ ಅವರು ಕಾರು ಓಡಿಸಿದ್ದು ಬಿಟ್ಟರೆ ಬೇರೇನೂ ಮಾಡಲಿಲ್ಲ. ಎರಡು ದಿನ ಮನೆಯಲ್ಲಿ ಉಪ್ಪು ಕೊಡು, ನೀರು ಕೊಡು ಎಂಬಷ್ಟೇ ಮಾತು. ರಜೆಯ ದಿನ ಅವರೇ, ನಡೀರಿ ಭೀಮುನಿಪಟ್ಟಣಕ್ಕೆ ಹೋಗಿ ಬರೋಣ ಎಂದು ಹೊರಡಿಸಿದರು. ಹಳೆಯ ಸಣ್ಣ ಊರು, ಮರಳಿನ ಮೇಲೆ ದೋಣಿಗಳು, ಒಣಮೀನಿನ ವಾಸನೆ. ಮೀನು ತಿನ್ನದ ನಾವು ಮೂಗಿಗೆ ಸೆರಗು ಹಿಡಿದು ಸಮುದ್ರ ನೋಡಿದೆವು. ಸ್ಪಂದನಾ ನಮ್ಮನ್ನು ನೋಡಿ ನಕ್ಕಳು.

ದಂಡೆಯಲ್ಲಿ ಕೂತು ರೊಟ್ಟಿ ಬಿಚ್ಚಿದಾಗ ಬಸವರಾಜ ಅವರು ಕೇಳಿದರು, "ಊರ ಮಂದೀನೆಲ್ಲಾ ಕೇಳಿದ್ರಿ. ನನ್ನ ಯಾರೂ ಕೇಳಂಗಿಲ್ಲೇನು?"

ಸ್ಪಂದನಾ ಸ್ಟೀಲ್ ಡಬ್ಬಿಗೆ ಚಮಚದಿಂದ ಒಂದೇಟು ಬಾರಿಸಿದಳು. "ಅಪ್ಪ, ಚೆಪ್ಪಂಡಿ. ನೀವು ಸಾಕ್ಷಿ."

ಅವರು ಹೇಳಿದರು. ಊರು, ಗೆಳೆಯರು, ಹೊಲದ ಬದು, ಜೋಳದ ತೆನೆ. ಹೇಳುತ್ತ ಹೇಳುತ್ತ ನಿಂತರು. "ಆದ್ರ ಅಕ್ಕಾರ, ರಜಾಕ್ಕ ಊರಿಗೆ ಬಂದಾಗ ಎಲ್ಲಾರೂ ಮೊದಲ ಕೇಳೂದು ಏನು? ಯಾವಾಗ ಬಂದ್ಯೋ ಅಂತ. ಅದರ ಬೆನ್ನಿಗೇ, ಯಾವಾಗ ಹೊಂಟ್ಯೋ ಅಂತ. ಇಲ್ಲಿ ಹಂಗ ಯಾರೂ ಕೇಳೂದಿಲ್ಲ. ಯಾಕಪಾ ನಾಲ್ಕ್ ದಿನ ಕಂಡಿಲ್ಲಾ ಅಂತ ಕೇಳ್ತಾರ." ಇದು ತಮ್ಮ ಬಾಯಿಂದಲೇ ಬಂದದ್ದಕ್ಕೆ ಅವರಿಗೇ ಆಶ್ಚರ್ಯವಾದಂತಿತ್ತು.

ಅವರೂ ಸ್ಪಂದನಾಳೂ ದೋಣಿ ನೋಡಲು ಹೋದ ಮೇಲೆ ನಾನು ಗಿರಿಜೆಗೆ, "ಮೊದಲ ಹೇಳಬೇಕಿಲ್ಲೋ, ಬರಾಂಗಿಲ್ಲ ಅಂತ?" ಎಂದೆ.

"ನನಗ ಎಲ್ಲಿ ಗೊತ್ತಿತ್ತು ಅಕ್ಕ? ಎಲ್ಲಿಗೆ ಹೋಗಬೇಕು ಅಂತ ನೇವಿಯವರು ಹೇಳೋರು. ಯಾವಾಗ ಅಂತ ಇವರು ಹೇಳೋರು. ನೀ ಅಂತೂ ಗ್ವಾಡಿ ಕಟ್ಟಲಾರದ ಕಾಯ್ಕೋತ ಕುಂತಿ. ನಿನಗೇನ್ ಅನ್ನಸ್ತದ ಅಂತ ಮೊದಲನೇ ಸಲ ಕೇಳಿದಾಕಿ ಆ ಮಾಧವಿ. ಕೇಳಿದ ಮ್ಯಾಲ ನನಗೂ ಗೊತ್ತಾತು."

ಹತ್ತು ವರ್ಷ ಮೆಂಬರ್ ಆಗಿದ್ದವಳು, ಮನೆಮನೆಗೆ ಹೋಗಿ ನನಗೆ ಮತ ಕೊಡಿ ಎಂದು ಕೇಳಿದ್ದೆ. ನಿಮಗೇನನ್ನಿಸುತ್ತದೆ ಎಂದು ಎಷ್ಟು ಮನೆಯಲ್ಲಿ ಕೇಳಿದ್ದೆನೋ ನೆನಪಾಗಲಿಲ್ಲ.

ನಾನು ಹೊರಡುವ ಹಿಂದಿನ ದಿನ ಜ್ಯೂರಿಯ ಕೊನೆಯ ಬೈಠಕ್ಕು. ಖಾಲಿ ಕೈಯಲ್ಲಿ ಹಿಂದಿನ ಕುರ್ಚಿಯಲ್ಲಿ ಕುಳಿತೆ. ಬೆಳಿಗ್ಗೆ ನಡೆಯುವವರಿಗೆ, ಹಗಲು ಸ್ಕೂಟರುಗಳಿಗೆ, ಸಂಜೆ ಗಾಡಿಯವರಿಗೆ ಎಂದು ಶಿಫಾರಸಾಯಿತು. ಜೊತೆಗೆ ಒಂದು ಶೌಚಾಲಯವೂ ಬೇಕೆಂದು ಅಜ್ಜಿ ಹಟ ಹಿಡಿದು ಸೇರಿಸಿದಳು. ಮಗಳ ಸ್ಕೂಟರಿಗಾಗಿ ಗಿರಿಜೆ ಹಗಲಿನ ಹೊತ್ತನ್ನು ಎಳೆಯಬಹುದೆಂದು ನಾನು ಲೆಕ್ಕ ಹಾಕಿದ್ದೆ. ಅವಳು ಗಾಡಿಯವರ ಸಂಜೆಯ ಹೊತ್ತನ್ನು ಬೇಗ ಶುರುಮಾಡಿಸಿದಳು. ಮನೆಗೆ ಬಂದ ಮೇಲೆ ಸ್ಪಂದನಾ ಅವ್ವನ ಜೊತೆ ತೆಲುಗಿನಲ್ಲಿ ಜಗಳವಾಡಿದಳು. ಆ ಜಗಳ ನನಗೆ ಪೂರ್ತಿ ಅರ್ಥವಾಯಿತು.

ಮತ್ತೆ ನಮ್ಮ ಓಣಿ

ಊರಿಗೆ ಬಂದು ತಿಂಗಳಾದ ಮೇಲೆ ಗಿರಿಜೆ ಫೋನ್ ಮಾಡಿದಳು. ಪಾಲಿಕೆ ಹೊತ್ತು ಹಂಚಿದ್ದನ್ನು ಒಪ್ಪಿತ್ತು. ಶೌಚಾಲಯ ಈಗ ಆಗುವುದಿಲ್ಲವೆಂದು ಕಾರಣ ಬರೆದು ಆ ಜಾಗದಲ್ಲೇ ಬೋರ್ಡು ಹಾಕಿತ್ತು. ಆ ಕಾರಣ ಸರಿಯಿಲ್ಲವೆಂದು ಅಪ್ಪಲರಾಜು ಗಾರೂ ಅಜ್ಜಿಯೂ ದಿನಾ ಹೋಗಿ ಬೋರ್ಡಿನ ಮುಂದೆ ನಿಲ್ಲುತ್ತಾರಂತೆ.

"ಅಕ್ಕ, ಇವರೂ ಹೂಂ ಅಂದ್ರು. ಊರಿನ ಸೈಟು ಮಾರೂದಿಲ್ಲ, ಸದ್ಯಕ್ಕ ಕಟ್ಟೂದೂ ಇಲ್ಲ. ಓಣ್ಯಾಗಿನವರು ಬಳಸಲಿ. ಏನ್ ಮಾಡಬೇಕಂತ ಅವರನ್ನ ಕೇಳು."

"ಕೇಳೂದೇನೈತಿ, ಅಲ್ಲಿ ಒಂದು—"

"ಅಕ್ಕ. ಕೇಳು."

ಕೇಳಿದೆ. ಓಣಿಯ ಮನೆಗಳ ಹೆಸರನ್ನೆಲ್ಲ ಚೀಟಿಯಲ್ಲಿ ಬರೆದು, ಖಾಲಿಯಾದ ಪೇಡಾ ಡಬ್ಬಿಯಲ್ಲಿ ಹಾಕಿ ಕುಲುಕಿದೆವು. ಹಿಟ್ಟಿನ ಗಿರಣಿಯ ನೀಲವ್ವ ಕಣ್ಣು ಮುಚ್ಚಿ ಒಂದೊಂದೇ ಎತ್ತಿದಳು. ಟೇಲರ್ ಬಂದ, ಅಂಗನವಾಡಿ ಟೀಚರ್ ಬಂದಳು, ನನ್ನನ್ನು ಸೋಲಿಸಿದ ಹೊಸ ಸದಸ್ಯನ ತಾಯಿಯೂ ಬಂದಳು. ಬೇಕಾದ ಏಳು ಚೀಟಿ ಮುಗಿದವು. ಡಬ್ಬಿಯಲ್ಲಿ ಉಳಿದವುಗಳಲ್ಲಿ ನನ್ನದೂ ಒಂದು.

ಅವರು ಆ ಸೈಟ್‌ನಲ್ಲಿ ಬೇವಿನ ಗಿಡದ ಕೆಳಗೆ ಚಾಪೆ ಹಾಸಿಕೊಂಡು ಕುಳಿತರು. ಗೋಡೆಯಿಲ್ಲದ್ದರಿಂದ ನನ್ನ ಅಡುಗೆಮನೆಯ ಬಾಗಿಲಿನಿಂದ ಎಲ್ಲ ಕಾಣುತ್ತಿತ್ತು, ಎಲ್ಲ ಕೇಳುತ್ತಿತ್ತು. ಟೇಲರ್ ಹೇಳುತ್ತಿದ್ದುದು ಶುದ್ಧ ತಪ್ಪು. ಹೊಸ ಸದಸ್ಯನ ತಾಯಿ ಹೇಳುತ್ತಿದ್ದುದು ಅದಕ್ಕಿಂತ ತಪ್ಪು. ನಾನು ಹೊಸ್ತಿಲ ಮೇಲೆ ಕುರ್ಚಿ ಹಾಕಿಕೊಂಡು ಗಿರಿಜೆಗೆ ಫೋನ್ ಹಚ್ಚಿದೆ.

"ನಿನ್ನ ಹೆಸರು ಬಂತೇನ ಅಕ್ಕ?"

"ಇಲ್ಲ."

ಆ ಕಡೆಯಿಂದ ಅವಳು ನಕ್ಕದ್ದು ಕೇಳಿಸಿತು. "ಹಂಗಾರ ಸುಮ್ಮನ ಕೂಡಂಡಿ."

ಕೂತಿದ್ದೇನೆ.